ಹೊಗೆ ಎರಡು ಕಡೆ ಬಾಗಿದ ಬೆಳಿಗ್ಗೆ

ಮಸ್ಕತ್ತಿಗೆ ಹಾಯಿಯ ಮಚವೆಯಲ್ಲಿ ಹೋಗಿ ಬಂದವನು ಎಂಬ ಒಂದೇ ಕಾರಣಕ್ಕೆ ವಿಮಾನದ ಕೆಲಸ ನನಗೆ ಸಿಕ್ಕಿತು. ಮುಂಬೈಯ ಗುಮಾಸ್ತೆಯೊಬ್ಬ ಬೇಲೇಕೇರಿಯಲ್ಲಿ ಉಗಿಯ ಆಗಬೋಟಿನಿಂದ ಇಳಿದು, ಅರಬರ ದಂಡೆ ನೋಡಿದ ಖಲಾಸಿ ಯಾರಾದರೂ ಇದ್ದಾರೆಯೇ ಎಂದು ಕೇಳುತ್ತ ಅವರ್ಸಾಕ್ಕೆ ಬಂದ. ಜನ ನಮ್ಮ ಮನೆ ತೋರಿಸಿದರು. ಅಣ್ಣ ಅಂಗಳದಲ್ಲಿ ಕುಳಿತು ಬಲೆಯ ಹರಕು ಹೊಲಿಯುತ್ತಿದ್ದ.

"ಮಸ್ಕತ್ತಿನಿಂದ ಇಲ್ಲಿಗೆ ಮಚವೆಗೆ ಎಷ್ಟು ದಿವಸ?" ಎಂದು ಗುಮಾಸ್ತೆ ನನ್ನನ್ನು ಕೇಳಿದ.

"ಗಾಳಿ ಇದ್ರೆ ಹನ್ನೆರಡು ಹದಿಮೂರು ದಿವಸ. ಇಲ್ದಿದ್ರೆ ದೇವರು ತಂದ ಹಾಗೆ."

"ನಮ್ಮ ಸಾಹೇಬ ಹನ್ನೆರಡು ತಾಸಿನಲ್ಲಿ ಬರುತ್ತಾನೆ."

ಅಣ್ಣ ಕೈ ನಿಲ್ಲಿಸದೆ, "ಹಾಗಾದ್ರೆ ರಾತ್ರೆ ಊಟ ಅಲ್ಲಿ, ಕೈ ತೊಳೂದು ಇಲ್ಲಿ," ಎಂದ.

ಗುಮಾಸ್ತೆಗೆ ನಗು ಬರಲಿಲ್ಲ. ಅವನು ಬಿಡಿಸಿ ಹೇಳಿದ. ಟಪಾಲು ವಿಮಾನ ಈಗ ಕರಾಚಿಯ ಮೇಲಿಂದ ಸುತ್ತಿ ಬರುತ್ತದೆ. ಸುತ್ತದೆ ನಡುಗಡಲಿನ ಮೇಲೆ ನೇರ ಹಾರಿದರೆ ದಕ್ಷಿಣಕ್ಕೆ ಎಷ್ಟು ಬೇಗ ತಲುಪಬಹುದು ಎಂದು ನೋಡಲು ಒಬ್ಬ ಸಾಹೇಬ ಹೊರಟಿದ್ದಾನೆ. ಒಬ್ಬನೇ ಬರುತ್ತಾನೆ. ಇನ್ನೊಬ್ಬ ಕೂರುವ ಜಾಗದಲ್ಲಿ ಪೆಟ್ರೋಲಿನ ಟಾಕಿ ಕೂಡಿಸಿದ್ದಾರೆ. ಮಸ್ಕತ್ತಿನಲ್ಲಿ ವಿಮಾನದ ಮೈದಾನ ಇದೆ. ಈ ಕಡೆ ಕಾರವಾರ, ಅಂಕೋಲೆಯಲ್ಲಿ ಅಂಥದ್ದು ಇಲ್ಲ. ಇಳಿತದ ಹೊತ್ತಿನಲ್ಲಿ ಗಟ್ಟಿಯಾಗಿರುವ ನಮ್ಮ ದಂಡೆಯ ಮರಳೇ ಮೈದಾನ.

ಕೆಲಸ ಕಠಿಣವೇನೂ ಇರಲಿಲ್ಲ, ಕಟ್ಟುನಿಟ್ಟಿನದಾಗಿತ್ತು. ತುಂಬಿದ ಕೊಡ ಹೊತ್ತು ನಡೆದು, ಹಿಮ್ಮಡಿ ಹುಗಿಯುವ ಜಾಗವನ್ನೆಲ್ಲ ಗುರುತು ಹಾಕಿದೆ. ತೇಲಿ ಬಂದ ಕಟ್ಟಿಗೆ, ಒಡೆದ ದೋಣಿಯ ಹಲಗೆ, ಚಿಪ್ಪಿನ ರಾಶಿ ಎಲ್ಲ ಎತ್ತಿಸಿದೆ. ಇಳಿಯುವ ಜಾಗದ ಎರಡು ತುದಿಗೆ ಬಿಳಿ ಬಟ್ಟೆ ಹಾಸಿ ಕಲ್ಲು ಹೇರಬೇಕು. ತೆಂಗಿನ ಸಿಪ್ಪೆಯ ಗುಡ್ಡೆ ಮಾಡಿ, ಅಡಿಯಲ್ಲಿ ಒಣಗಿದ್ದು, ಮೇಲೆ ಹಸಿಯದು ಇಟ್ಟು ಹೊಗೆ ಎಬ್ಬಿಸಬೇಕು. ಗಾಳಿ ಯಾವ ಕಡೆಯದು ಎಂದು ಸಾಹೇಬನಿಗೆ ಮೇಲಿಂದ ತಿಳಿಯುವುದು ಆ ಹೊಗೆಯಿಂದ. ದಂಡೆಯಲ್ಲಿ ಏನಾದರೂ ಅಡ್ಡ ಇದ್ದರೆ ಬಿದಿರಿನ ಗಳಕ್ಕೆ ಕೆಂಪು ಬಾವುಟ ಏರಿಸಬೇಕು.

ಅಡ್ಡ ಇದ್ದದ್ದು ನಮ್ಮ ಜನವೇ. ಅದು ಬಂಗಡೆ ಮೀನಿನ ಕಾಲ. ಆ ವರ್ಷ ಬಂಗಡೆ ತಡಮಾಡಿತ್ತು, ಒಲೆಗಳು ತಣ್ಣಗಿದ್ದವು. ರಾಂಪಣಿ ಎಂದರೆ ಅರ್ಧ ಊರೇ ಸೇರಿ ದಂಡೆಯಿಂದ ಎಳೆಯುವ ದೊಡ್ಡ ಬಲೆ. ಅದರ ತಾಂಡೇಲ, ಅಂದರೆ ಯಜಮಾನ, ನನ್ನ ಅಣ್ಣ. ಯಾವಾಗ ಬಲೆ ಬಿಡಬೇಕು, ಯಾವಾಗ ಎಳೆಯಬೇಕು ಎಂಬುದಕ್ಕೆ ಅವನ ಮಾತೇ ಕೊನೆ. ವಿಮಾನ ಇಳಿಯುವ ತನಕ ದಂಡೆಯಲ್ಲಿ ದೋಣಿ ಇಡಬಾರದು, ಬಲೆ ಹರಡಬಾರದು ಎಂದು ತಾಲೂಕಿನಿಂದ ಹುಕುಂ ಬಂತು. ಎರಡು ದೋಣಿಗಳನ್ನು ಯಾರೂ ಸರಿಸಲಿಲ್ಲ. ಪೊಲೀಸ್ ಪೇದೆಗಳು ಬಂದು ಒಂದರ ಪಕ್ಕಕ್ಕೆ ಕಟ್ಟಿದ ತೇಲುಮರವನ್ನು ಕೊಡಲಿಯಿಂದ ಕಡಿದು ಹಾಕಿದರು. ದೋಣಿಯವನು ಮರಳು ತೂರಿದ. ಅವನ ಬಾಯಿಗೆ ಲಾಠಿ ಬಿತ್ತು. ಹಲ್ಲು ಉಗುಳಿದವನು ಪೇದೆಯನ್ನು ಬಿಟ್ಟು ನನ್ನ ಮೇಲೆ ಬಿದ್ದ. ನಾನು ದೋಣಿಯ ಹುಟ್ಟು ಎತ್ತಿ ಅವನ ಮೊಣಕಾಲಿಗೆ ಹೊಡೆದೆ. ಒಂದೇ ಕೇರಿಯವನು. ಮಕ್ಕಳಾಗಿದ್ದಾಗ ಒಟ್ಟಿಗೆ ಏಡಿ ಹಿಡಿದಿದ್ದೆವು. ಅಣ್ಣ ಬಂದು ನನ್ನ ಕೈಯಿಂದ ಹುಟ್ಟು ಕಿತ್ತುಕೊಂಡ.

"ಮಸ್ಕತ್ ನೋಡಿ ಬಂದಂವ ಅಂದ್ರೆ ಊರಿನವರ ಕಾಲು ಮುರೀಬೇಕು ಅಂತ ಉಂಟಾ?" ಎಂದ. ಆಮೇಲೆ ಜನರ ಕಡೆ ತಿರುಗಿ, "ಎರಡು ದಿವಸ. ಬಂದು ಹೋಗಲಿ. ಎರಡು ದಿವಸ ಗಂಜಿ ಕುಡಿದ್ರೆ ಯಾರೂ ಸಾಯೂದಿಲ್ಲ," ಎಂದ. ಅವನ ಮಾತಿಗೆ ದೋಣಿಗಳು ಸರಿದವು. ಲಾಠಿಗೆ ಸರಿದದ್ದಲ್ಲ.

ಮೂರನೆಯ ದಿನ ಬೆಳಗಾಗುವ ಮೊದಲು ಕಾರವಾರದಿಂದ ಸೈಕಲ್ಲಿನಲ್ಲಿ ಒಬ್ಬ ಬಂದ. ಗುಮಾಸ್ತೆ ತಂತಿಗಾಗಿ ಅಲ್ಲೇ ಕಾದು ಕುಳಿತಿದ್ದ. ವಿಮಾನ ಮಸ್ಕತ್ತಿನಿಂದ ಹೊರಟಿದೆ, ಬೆಳಿಗ್ಗೆ ಎಂಟರ ಸುಮಾರಿಗೆ ಬರುತ್ತದೆ, ಸೂರ್ಯ ಹುಟ್ಟಿದಾಗಿನಿಂದ ದಂಡೆ ಖಾಲಿ ಇರಲಿ, ತಾನು ಪೊಲೀಸ್ ಫೌಜದಾರರನ್ನು ಕರೆದುಕೊಂಡು ಮೋಟಾರಿನಲ್ಲಿ ಬರುತ್ತೇನೆ ಎಂದು ಹೇಳಿ ಕಳಿಸಿದ್ದ.

ನಾನು ಹೊಗೆ ಹಾಕಿದೆ. ಬೆಳಕು ಹರಿಯುತ್ತಿತ್ತು. ಆಗಲೇ ಬಂಗಡೆ ಬಂತು.

ನೋಡದವರಿಗೆ ಅದನ್ನು ಹೇಳುವುದು ಕಷ್ಟ. ನೀರಿನ ಮೇಲೆ ಮೋಡದ ನೆರಳು ಬಿದ್ದ ಹಾಗೆ ಕಪ್ಪಾಗುತ್ತದೆ, ಆ ಕಪ್ಪು ನಡೆಯುತ್ತದೆ, ಅದರ ಅಂಚು ಕುದಿಯುತ್ತದೆ. ಗುಡ್ಡದ ಮೇಲೆ ಕಾವಲಿದ್ದವನು ಬಟ್ಟೆ ಬೀಸಿದ. ಕೇರಿಯ ಗಂಡಸರೆಲ್ಲ ದಂಡೆಗೆ ಓಡಿ ಬಂದು ಅಣ್ಣನ ಮುಖ ನೋಡುತ್ತ ನಿಂತರು. ಅಣ್ಣ ನನ್ನ ಹತ್ತಿರ ಬಂದ.

"ಸುತ್ತು ಹಾಕಿ ಇಡ್ತೆ. ಎಳೂದಿಲ್ಲ. ತೆಂಕಿನ ಹಗ್ಗ ಬಂಡೆಯ ಆಚೆ, ವಿಮಾನದ ದಾರಿಯ ಹೊರಗೇ ಇರ್ತದೆ. ಬಡಗಿನ ಹಗ್ಗದ ತುದಿ ದೋಣಿಯಲ್ಲೇ ಹಿಡ್ಕಂಡು ಇರೂಕೆ ಹೇಳ್ತೆ. ವಿಮಾನ ಇಳಿದ ಮೇಲೆ ದಂಡೆಗೆ ತರೂದು."

"ಅಷ್ಟು ಹೊತ್ತು ಬಂಗಡೆ ನಿಲ್ತದಾ?"

"ನಿಲ್ಲಬಹುದು. ಬಲೆ ಹರಕಂಡು ಹೋಗಲೂಬಹುದು."

ಇಲ್ಲಿ ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯಬೇಕು. ಚಳಿಗಾಲದಲ್ಲಿ ನಮ್ಮ ದಂಡೆಯಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನದ ಮೇಲೆ ತಿರುಗಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಪಡುವಣದಿಂದ ಬರುವ ಯಾವ ಮಚವೆಯೂ ಬೆಳಿಗ್ಗೆ ದಂಡೆ ಹಿಡಿಯುವುದಿಲ್ಲ. ಹೊರಗೆ ಲಂಗರು ಹಾಕಿ, ಗಾಳಿ ತಿರುಗುವುದನ್ನು ಕಾಯುತ್ತದೆ. ಮಸ್ಕತ್ತಿನಿಂದ ಬರುತ್ತಾ ಮನೆಯ ತೆಂಗಿನಮರ ಕಣ್ಣಿಗೆ ಕಾಣುತ್ತಿದ್ದರೂ ನಾನು ಅರ್ಧ ದಿನ ಹಾಗೆ ಕಾದಿದ್ದೇನೆ. ವಿಮಾನ ಹೋಗುವುದೂ ಗಾಳಿಯಲ್ಲೇ ಅಲ್ಲವೇ? ಬಟ್ಟೆ ಬಿಗಿದ ರೆಕ್ಕೆ, ನಮ್ಮ ಹಾಯಿಯ ಹಾಗೆ. ಎದುರುಗಾಳಿಯಲ್ಲಿ ಎಂಟಕ್ಕೆ ಹೇಗೆ ಬರುತ್ತದೆ? ಗುಮಾಸ್ತೆ ಮುಂಬೈಯಲ್ಲಿ ಕುರ್ಚಿಯ ಮೇಲೆ ಕುಳಿತು ಲೆಕ್ಕ ಹಾಕಿದವನು ಎಂದುಕೊಂಡೆ.

"ಮಧ್ಯಾಹ್ನದ ಮುಂಚೆ ಅದು ಬರೂದಿಲ್ಲ, ಅಣ್ಣಾ. ನೆಲಗಾಳಿ ಎದುರಿಗೆ ಉಂಟು. ಹಗ್ಗ ತರಿಸು, ಎಳಿ," ಎಂದೆ.

ಅಣ್ಣ ಹೊಗೆಯನ್ನು ನೋಡುತ್ತಿದ್ದ. ಹೊಗೆ ಗುಡ್ಡೆಯಿಂದ ಎದ್ದು, ನಾನು ಹೇಳಿದ ಹಾಗೆಯೇ ಕಡಲಿನ ಕಡೆ ಬಾಗಿತ್ತು. ತೆಂಗಿನ ತಲೆಗಳನ್ನು ದಾಟಿ ಬಹಳ ಮೇಲೆ ಹೋದಲ್ಲಿ, ಕುಡುಗೋಲಿನ ಹಾಗೆ ಡೊಂಕಾಗಿ, ಗುಡ್ಡದ ಕಡೆಗೆ ಹಿಂದೆ ತಿರುಗಿತ್ತು.

"ಮೇಲೆ ನೋಡಾ. ಹೊಗೆ ತಿರುಗ್ತದಲ್ಲ. ಮೇಲೆ ಬೇರೆ ಗಾಳಿ ಉಂಟು."

ನಾನೂ ನೋಡಿದೆ. ಕಂಡಿತು. ಕಾಣಲಿಲ್ಲ ಎಂದು ಇವತ್ತಿಗೂ ನಾನು ಹೇಳಲಾರೆ.

"ನೀನು ದಂಡೆ ಮರೆಯಾಗೂವಷ್ಟು ದೂರ ಯಾವಾಗ ಹೋಗಿದ್ದೆ? ಹೊಗೆ ಅಂದ್ರೆ ಹಾಗೇ. ಮೇಲೆ ಹೋದ ಹಾಗೆ ಅಡ್ಡಾಡ್ತದೆ," ಎಂದೆ.

ಸುತ್ತ ನಿಂತವರು ನಕ್ಕರು. ಅಣ್ಣ ಹೊಗೆಯಿಂದ ಕಣ್ಣು ತೆಗೆದ. "ಆಯ್ತು. ಕಡಲು ದಾಟಿದಂವ ನೀನು," ಎಂದು ಕೈ ಎತ್ತಿದ. ದೋಣಿಗಳು ನೀರಿಗೆ ಬಿದ್ದವು.

ಬಲೆ ಅರ್ಧಚಂದ್ರದ ಹಾಗೆ ಬಂಗಡೆಯನ್ನು ಸುತ್ತಿತು. ತೆಂಕಿನ ಹಗ್ಗ ಬಂಡೆಯ ಆಚೆ ಹೋಯಿತು. ಬಡಗಿನ ಹಗ್ಗ ನಾನು ಬಿಳಿ ಬಟ್ಟೆ ಹಾಸಿದ ದಾರಿಗೆ ಅಡ್ಡವಾಗಿ ಬಂತು. ಎಳೆದಷ್ಟು ಹಗ್ಗ ಹಿಂದೆ ಜಾರದಿರಲೆಂದು ಮೇಲಿನ ಒಣಮರಳಿನಲ್ಲಿ ಹುಗಿದ ಗೂಟಕ್ಕೆ ಸುತ್ತುತ್ತ ಹೋದರು. ತೋಳಿನಷ್ಟು ದಪ್ಪದ ಕತ್ತದ ಹಗ್ಗ, ನೆನೆದು ಕಬ್ಬಿಣದ ಹಾಗೆ ಬಿಗಿದು, ಇಳಿಯುವ ದಾರಿಯ ಮೇಲೆ ಸೊಂಟದ ಎತ್ತರಕ್ಕೆ ನಿಂತಿತು. ನಾನೂ ಬಾವುಟದ ಗಳ ಕೆಳಗಿಟ್ಟು ಹಗ್ಗಕ್ಕೆ ಭುಜ ಕೊಟ್ಟೆ. ಬಲೆ ಅಷ್ಟು ಭಾರವಾದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹಲ್ಲು ಹೋದ ಆ ದೋಣಿಯವನೂ ಕುಂಟುತ್ತ ಬಂದು ನನ್ನ ಹಿಂದೆಯೇ ಹಗ್ಗ ಹಿಡಿದಿದ್ದ. ಬಾತುಹೋದ ಬಾಯಲ್ಲಿ, "ನಿನ್ನ ಸಾಹೇಬಂಗೂ ನಾಕು ಬಂಗಡೆ ಇಡ್ವಾ," ಎಂದ.

ಸದ್ದು ಬಂದಾಗ ಮೊದಲು ಅದು ಅಂಕೋಲೆಯ ಕಡೆಯ ಮೋಟಾರು ಎಂದುಕೊಂಡೆ. ಸದ್ದು ಕಡಲಿನ ಕಡೆಯಿಂದ ಬರುತ್ತಿತ್ತು. ಎಂಟು ಇನ್ನೂ ಆಗಿರಲಿಲ್ಲ.

ವಿಮಾನ ಬಹಳ ಕೆಳಗೆ ಇತ್ತು. ಅದರ ಇಂಜಿನ್ನು ಕೆಮ್ಮುತ್ತಿತ್ತು. ಸುತ್ತು ಹೊಡೆಯಲಿಲ್ಲ. ಬಂದದ್ದೇ ಬಡಗಿನಿಂದ ದಂಡೆಯ ಗುಂಟ ನೇರ ಇಳಿಯತೊಡಗಿತು. ಟಾಕಿ ಸೋರಿ ಪೆಟ್ರೋಲು ಮುಗಿಯುತ್ತ ಬಂದಿತ್ತು ಎಂದು ಆಮೇಲೆ ತಿಳಿಯಿತು. ನಾನು ಗಳದ ಕಡೆ ಓಡಿದೆ. ಕೆಂಪು ಬಾವುಟ ಕಂಡಿದ್ದರೂ ಅವನು ಬೇರೆಲ್ಲೂ ಹೋಗುವಂತಿರಲಿಲ್ಲ.

"ಹಗ್ಗ ಬಿಡಿ, ಓಡಿ," ಎಂದು ಅಣ್ಣ ಕೂಗಿದ. ಎಲ್ಲರೂ ಬಿಟ್ಟು ಓಡಿದರು. ಜನ ಬಿಟ್ಟರೂ ಹಗ್ಗ ಬೀಳಲಿಲ್ಲ, ಗೂಟ ಹಿಡಿದಿತ್ತು. ನೀರಿನ ಅಂಚಿನಲ್ಲಿ ನಿಂತಿದ್ದ ಅಣ್ಣನಿಗೆ ಅದು ಕಂಡಿತು. ಗೂಟದ ತನಕ ಓಡುವಷ್ಟು ಹೊತ್ತಿರಲಿಲ್ಲ. ಸೊಂಟದ ಕತ್ತಿ ಹಿರಿದು, ಎದುರಿಗೆ ಸಿಕ್ಕಲ್ಲೇ, ಇಳಿಯುವ ದಾರಿಯ ನಟ್ಟನಡುವೆ ನಿಂತು ಹಗ್ಗಕ್ಕೆ ಹೊಡೆದ. ಒಂದು ಏಟಿಗೆ ಅರ್ಧ ಹೋಯಿತು. ಚಕ್ರಗಳು ಮರಳು ಮುಟ್ಟಿದವು. ಎರಡನೆಯ ಏಟಿಗೆ ಹಗ್ಗ ಸಿಡಿಯಿತು. ಅಣ್ಣ ಮುಖ ಅಡಿಯಾಗಿ ಬಿದ್ದ. ಕತ್ತಿ ಹಿಡಿದ ಬಲಗೈ ಇನ್ನೂ ಮೇಲಿತ್ತು.

ವಿಮಾನದ ಮುಂದಿನ ಮರದ ಬೀಸಣಿಗೆ ಆ ಕೈಯನ್ನು ತೆಗೆದುಕೊಂಡು ಹೋಯಿತು. ಬಾಳೆಯ ದಿಂಡು ಕಡಿದಷ್ಟೇ ಸದ್ದು. ಮನುಷ್ಯನನ್ನು ಕಂಡ ಸಾಹೇಬ ವಿಮಾನವನ್ನು ಕಡಲಿನ ಕಡೆ ತಿರುಗಿಸಿದ್ದ. ಚಕ್ರ ಮೆತ್ತಗಿನ ಮರಳಿನಲ್ಲಿ ಹುಗಿದು, ಅದು ಮೂಗು ಊರಿ, ಬಾಲ ಎತ್ತಿ, ಬೆನ್ನಡಿಯಾಗಿ ನೀರಿನ ಅಂಚಿನಲ್ಲಿ ಬಿತ್ತು. ಮರದ ಚೂರುಗಳು ತೆಂಗಿನಮರಗಳಿಗೆ ಬಂದು ನಾಟಿದವು.

ಅತ್ತ ಬಲೆಯ ಬಡಗಿನ ಬಾಯಿ ತೆರೆದಿತ್ತು. ಬಂಗಡೆ ಹೊರಟವು. ಕಪ್ಪು ನೆರಳು ಉದ್ದವಾಗಿ, ತೆಳ್ಳಗಾಗಿ, ನಮ್ಮ ಕಣ್ಣೆದುರೇ ಹೊರಗಡಲಿಗೆ ನಡೆಯಿತು.

ನಾನು ಅಣ್ಣನ ತೋಳಿಗೆ ಹಗ್ಗದ ಎಳೆ ಬಿಗಿದು, ಬಾವುಟದ ಬಟ್ಟೆ ಸುತ್ತಿದೆ. ಅಷ್ಟರಲ್ಲಿ ಜನ ಸಾಹೇಬನನ್ನು, ಅವನ ಸೊಂಟ ಬಿಗಿದ ಪಟ್ಟಿ ಕೊಯ್ದು, ಹೊರಗೆಳೆದಿದ್ದರು. ಅವನ ಹಣೆ ಒಡೆದಿತ್ತು. ರಾತ್ರಿಯೆಲ್ಲ ಕುಳಿತು ಬಂದವನಿಗೆ ಕಾಲು ನಿಲ್ಲುತ್ತಿರಲಿಲ್ಲ. ಅವನನ್ನು ನೀರಿಗೆ ಕೆಡವಿ ತುಳಿದರು. ಹುಟ್ಟು ತಂದರು, ಒನಕೆ ತಂದರು. ಒಬ್ಬ ಹೆಂಗಸು ಮೀನಿನ ಬುಟ್ಟಿಯಿಂದಲೇ ಅವನ ತಲೆಗೆ ಬಡಿಯುತ್ತ, "ನಮ್ಮ ಬಂಗಡೆ ಕೊಡು," ಎನ್ನುತ್ತಿದ್ದಳು. ಸಾಹೇಬ ಕೈಯಿಂದ ಮುಖ ಮುಚ್ಚಿಕೊಂಡು ಏನೋ ಹೇಳುತ್ತಿದ್ದ. ನಾನು ಬಿಡಿಸಲು ಹೋಗಲಿಲ್ಲ. ಅವನು ಸತ್ತರೆ ತಪ್ಪು ಅವನ ತಲೆಗೆ ಹೋಗುತ್ತದೆ ಎಂಬ ಆಸೆ ಆ ಗಳಿಗೆಯಲ್ಲಿ ನನ್ನೊಳಗೆ ಇತ್ತು.

"ಬಿಡ್ರೋ ಅವಂನ," ಎಂದವನು ಅಣ್ಣ. ಮರಳಿನ ಮೇಲೆ ಮಲಗಿಕೊಂಡೇ ಹೇಳಿದ. ಕೇಳಿದವರು ಕೆಲವರು, ಕೇಳದವರು ಕೆಲವರು.

ಉಳಿದದ್ದನ್ನು ಲಾಠಿ ಮಾಡಿತು. ಫೌಜದಾರ, ಗುಮಾಸ್ತೆ, ಪೇದೆಗಳು ಅದೇ ಹೊತ್ತಿಗೆ ಬಂದಿಳಿದರು. ಮೊದಲು ಸಾಹೇಬನನ್ನು ಎತ್ತಿ ಮೋಟಾರಿನಲ್ಲಿ ಕೂಡಿಸಿದರು. ಆಮೇಲೆ ಹೊಡೆಯಲು ಸುರುಮಾಡಿದರು. ಓಡಿದವರನ್ನು ತೋಟದೊಳಗೆ ಅಟ್ಟಿ ಹೊಡೆದರು, ಓಡದವರನ್ನು ನಿಂತಲ್ಲೇ ಹೊಡೆದರು. ಬುಟ್ಟಿಯ ಹೆಂಗಸಿನ ಮಣಿಕಟ್ಟು ಮುರಿಯಿತು. ಹಲ್ಲು ಹೋದವನಿಗೆ ಇನ್ನೊಮ್ಮೆ ಬಾಯಿಗೇ ಬಿತ್ತು. ನನ್ನ ಬೆನ್ನಿಗೆ, ಮೊಣಕೈಗೆ ಬಿತ್ತು. ಫೌಜದಾರ ನನ್ನ ಕೂದಲು ಹಿಡಿದು ಅಣ್ಣ ಬಿದ್ದಲ್ಲಿಗೆ ಎಳೆದು ತಂದ.

"ದಂಡೆ ಕಾಯುವವನು ನೀನಲ್ಲವೇ? ಎಳೆಯಲಿಕ್ಕೆ ಹೇಳಿದ್ದು ಯಾರು?"

"ಕೇಳಲಿಲ್ಲ ಸಾಹೇಬ್ರೆ. ಬೇಡ ಅಂದೆ," ಎಂದೆ.

"ಯಾರು ಕೇಳಲಿಲ್ಲ?"

"ತಾಂಡೇಲ."

"ಯಾರು ತಾಂಡೇಲ?"

ನಾನು ಬಾಯಿಂದ ಹೇಳಲಿಲ್ಲ. ಕೈ ತೋರಿಸಿದೆ. ಅಣ್ಣನ ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಿದ್ದ.

ಫೌಜದಾರ ಅವನ ಪಕ್ಕೆಗೆ ಬೂಟಿನಿಂದ ಒದ್ದು, "ಹೌದೇನೋ? ನೀನೇನೋ ಎಳೆಸಿದ್ದು?" ಎಂದ.

ನಾನು ಬಗ್ಗಿ ನಿಂತಿದ್ದೆ. ಅಣ್ಣ ನನ್ನ ಬೆನ್ನಿನ ಬಾಸುಂಡೆಯನ್ನು ಕಂಡಿರಬೇಕು. "ಹೌದು. ನಾನೇ ಎಳ್ಸಿದ್ದು," ಎಂದ.

ಮೋಟಾರಿನಲ್ಲಿ ಸಾಹೇಬ, ಗುಮಾಸ್ತೆ, ಫೌಜದಾರ ಕುಳಿತ ಮೇಲೆ ಜಾಗ ಉಳಿಯಲಿಲ್ಲ. ಅಣ್ಣನನ್ನು ದೋಣಿಯಲ್ಲಿ ಕಾರವಾರದ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ಒಬ್ಬ ಪೇದೆ ಕಾವಲಿಗೆ ಜೊತೆಗಿದ್ದ. ಮಧ್ಯಾಹ್ನ ಗಾಳಿ ತಿರುಗಿ ನೇರ ನಮ್ಮ ಮುಖಕ್ಕೆ ಬಡಿಯತೊಡಗಿತು. ನಾನು ಬಲ್ಲ ಗಾಳಿ, ಬಲ್ಲ ಹೊತ್ತಿಗೆ ಬಂದಿತ್ತು. ಅಂಗೈಯ ಚರ್ಮ ಕಿತ್ತುಹೋಗುವಂತೆ ಹುಟ್ಟು ಹಾಕಿದೆವು. ತೆರೆ ಒಳಕ್ಕೆ ಬಡಿದಾಗಲೆಲ್ಲ ಅಣ್ಣ ಹಲ್ಲು ಕಚ್ಚುತ್ತಿದ್ದ. ದೋಣಿಯ ತಳದ ನೀರು ಕೆಂಪಾಗಿತ್ತು, ಅದನ್ನು ಮೊಗೆದು ಮೊಗೆದು ಹೊರಗೆ ಚೆಲ್ಲಿದೆವು. ಕಾರವಾರ ಮುಟ್ಟುವಾಗ ದೀಪ ಹಚ್ಚಿದ್ದರು. ಸಾಹೇಬ ಮಸ್ಕತ್ತಿನಿಂದ ಬಂದಷ್ಟೇ ಹೊತ್ತು, ಹೆಚ್ಚುಕಡಿಮೆ, ನಮಗೆ ಅವರ್ಸಾದಿಂದ ಕಾರವಾರಕ್ಕೆ ಹಿಡಿದಿತ್ತು.

ದಾರಿಯಲ್ಲಿ ಅಣ್ಣ ನನ್ನೊಡನೆ ಮಾತಾಡಿದ್ದು ಒಂದೇ ಸಲ. "ಅಷ್ಟು ಮೇಲೆ ಗಾಳಿ ಬೇರೆ ಇರ್ತದೆ, ಅಲ್ದಾ?" ಎಂದ. ಬೈಯಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. "ಹೌದು," ಎಂದೆ.

ಮೊಣಕೈಯ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯಿಂದ ಅವನನ್ನು ಸೀದಾ ಜೈಲಿಗೆ ಒಯ್ದರು. ಮಳೆಗಾಲ ಕಳೆದು ಮನೆಗೆ ಬಂದಾಗ ಬಲೆಯವರು ಕೂಟ ಸೇರಿದರು. ವರ್ಷದ ಬಂಗಡೆ ಹೋದದ್ದು, ಊರಿಗೆ ಊರೇ ಏಟು ತಿಂದದ್ದು ತಾಂಡೇಲನ ದುರಾಸೆಯಿಂದ ಎಂದು ಒಬ್ಬೊಬ್ಬರಾಗಿ ಹೇಳಿದರು. ದಂಡೆಯಲ್ಲಿ ನಮ್ಮ ಮಾತನ್ನು ಕೇಳಿ ನಕ್ಕವರೂ ಅಲ್ಲಿದ್ದರು. ಫೌಜದಾರನ ಎದುರು ಅಣ್ಣ ತಾನೇ ಒಪ್ಪಿಕೊಂಡ ಮೇಲೆ ಅವರಿಗೂ ತಮ್ಮ ನೆನಪಿನ ಮೇಲೆ ನಂಬಿಕೆ ಉಳಿದಿರಲಿಲ್ಲವೋ, ಲಾಠಿಯ ಹೆದರಿಕೆ ಇನ್ನೂ ಇತ್ತೋ, ನನಗೆ ಗೊತ್ತಿಲ್ಲ. ಹಲ್ಲಿಲ್ಲದ ದೋಣಿಯವನು ಮಾತ್ರ ನನ್ನ ಕಡೆ ನೋಡಿ, "ನಿಂಗೆ ಹೇಳೂದು ಏನಾದ್ರೂ ಉಂಟಾ?" ಎಂದ.

ನಾನು ಇಲ್ಲ ಎಂದೆ.

ತಾಂಡೇಲಿಕೆ ಮನೆತನಕ್ಕೆ ಸೇರಿದ್ದು. ಅಣ್ಣನಿಂದ ತೆಗೆದು ಅದನ್ನು ನನಗೆ ಕೊಟ್ಟರು. ತೆಗೆದುಕೊಂಡೆ. ಅಂದು ಸಂಜೆ ಅತ್ತಿಗೆ ನನಗೆ ಬಡಿಸಿದಳು, ಮಾತಾಡಲಿಲ್ಲ. ಆಮೇಲೂ ಎಂದೂ ನನ್ನೊಡನೆ ಮಾತಾಡಲಿಲ್ಲ. ಅಣ್ಣ ಅವಳಿಗೆ ಹೇಳಿದ್ದನೋ, ಅವಳೇ ತಿಳಿದುಕೊಂಡಳೋ.

ಒಂದೇ ಕೈಯವನಿಗೆ ಹಗ್ಗದ ಕೆಲಸ ಇಲ್ಲ. ಅಣ್ಣ ಗುಡ್ಡದ ಮೇಲೆ ಮೀನಿನ ಕಾವಲಿಗೆ ಕುಳಿತ. ಬಂಗಡೆ ಕಂಡರೆ ಎಡಗೈಯಿಂದ ಬಟ್ಟೆ ಬೀಸುತ್ತಿದ್ದ. ಬೀಸುವ ಮೊದಲು ಪ್ರತಿ ಸಲವೂ ಒಂದು ಹಿಡಿ ಸಿಪ್ಪೆಗೆ ಬೆಂಕಿ ಹಾಕಿ, ಹೊಗೆ ಹೋಗುವುದನ್ನು ಬಹಳ ಮೇಲಿನ ತನಕ ನೋಡುತ್ತಿದ್ದ. ಮೀನಿಗೂ ಅದಕ್ಕೂ ಸಂಬಂಧವಿಲ್ಲ. ಕೆಳಗೆ ಜನ, "ಜೈಲಿನಲ್ಲಿ ಕಲಿತದ್ದು," ಎಂದು ನಗುತ್ತಿದ್ದರು. ನಾನು ಹಗ್ಗದ ತುದಿ ಹಿಡಿದು, ಆ ಎಡಗೈ ಏಳುವುದನ್ನು ಕಾಯುತ್ತ ನಿಲ್ಲುತ್ತಿದ್ದೆ.

ಒಮ್ಮೆ ಗುಡ್ಡ ಹತ್ತಿ ಹೋಗಿ, "ಕೂಟದಲ್ಲಿ ಹೇಳ್ತೆ, ಅಣ್ಣಾ," ಎಂದೆ.

"ಏನ ಹೇಳ್ತೆ?"

"ನಾನೇ ಹೇಳಿದ್ದು ಅಂತ."

ಅವನು ಕಡಲನ್ನೇ ನೋಡುತ್ತಿದ್ದ. "ಹೇಳೂದಾದ್ರೆ ಹೇಳು. ನನ್ನ ಕೇಳೂಕೆ ಯಾಕೆ ಬಂದೆ?"

ನಾನು ಇಳಿದು ಬಂದೆ. ಅಣ್ಣ ಬೇಡ ಎನ್ನಲಿ ಎಂದು ಹೋಗಿದ್ದೆ. ಅವನು ಬೇಡ ಎನ್ನಲಿಲ್ಲ. ಆದರೂ ಹೇಳಲಿಲ್ಲ. ಆ ವರ್ಷ ಹೇಳಲಿಲ್ಲ, ಮರುವರ್ಷ ಹೇಳಲಿಲ್ಲ. ಈಗ ಅಣ್ಣ ಇಲ್ಲ, ಗುಡ್ಡದ ಮೇಲೆ ಬೇರೆಯವನು ಕೂರುತ್ತಾನೆ.

ಬಲ್ಲವರಿಂದ ತಿದ್ದಿಸಿಕೊಂಡು ಇದನ್ನು ಬರೆದಿದ್ದೇನೆ. ಅವರ್ಸಾದ ಕೇರಿಯಲ್ಲಿ ಓದು ಬರುವವರು ಯಾರಾದರೂ ಇದ್ದರೆ ಬಲೆಯವರ ಕೂಟದಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ಆ ಬೆಳಿಗ್ಗೆ ತಾಂಡೇಲ ಬಲೆ ಸುತ್ತಿ ಇಡುತ್ತೇನೆ, ಎಳೆಯುವುದಿಲ್ಲ ಎಂದಿದ್ದ. ಹೊಗೆ ನೋಡು ಎಂದಿದ್ದ. ಎಳೆಯಲು ಹೇಳಿದವನು ಅವನ ತಮ್ಮ. ಓದುವಾಗ ಅತ್ತಿಗೆಯನ್ನು ಮುಂದೆ ಕೂಡಿಸಬೇಕು. ನಾನು ಹಿಂದೆ ನಿಂತಿರುತ್ತೇನೆ.